ಪದಚರ್ಚೆ: ಸ್ಟೇರಿಂಗ್ ‘ಹಗುರ’ವೋ, ‘ಸಡಿಲ’ವೋ, ‘ತೂಕ ಇಲ್ಲ’ವೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಚಾರ ಕೇಳಬೇಕಿದೆ. ಕಾರಿನ ಸ್ಟೇರಿಂಗ್ ಬೇಕಾದ್ದಕ್ಕಿಂತ ಜಾಸ್ತಿ ಸುಲಭವಾಗಿ ತಿರುಗಿದರೆ ಅದನ್ನು ನಿಮ್ಮ ಕಡೆ ಏನಂತ ಹೇಳುತ್ತಾರೆ? ಹೇಳಿದ ಕೂಡಲೇ ಅದೊಂದು ತೊಂದರೆ ಅಂತ ಕೇಳಿದವರಿಗೆ ಗೊತ್ತಾಗಬೇಕು. ಎಂಥ ತೊಂದರೆ ಅಂತಲೂ ಗೊತ್ತಾಗಬೇಕು. ಪದ ತಪ್ಪಿದರೆ ರಿಪೇರಿಯೂ ತಪ್ಪುತ್ತದೆ. ನನಗೆ ಆಗಿದ್ದು ಅದೇ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾವು ಮೈಸೂರಿನವರು. ನಮ್ಮ ದೊಡ್ಡಪ್ಪ ಸಿಂಗಪುರದಿಂದ ವಾಪಸ್ ಬರುವಾಗ ತಂದ ಒಂದು ದೊಡ್ಡ ಜರ್ಮನ್ ಕಾರು ಮನೆಯಲ್ಲಿದೆ. 1996ರದು. ಅವರು ತೀರಿಕೊಂಡ ಮೇಲೆ ಅದನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ದೊಡ್ಡಪ್ಪನ ಕೈಯ ಬೆವರಿಗೆ ನುಣುಪಾದ ಚರ್ಮದ ಸ್ಟೇರಿಂಗ್ ಅದು. ಅದನ್ನು ಹಿಡಿದಾಗಲೆಲ್ಲ ಅವರ ನೆನಪು ಬರುತ್ತದೆ. ಹೀಗಾಗಿ ಆ ಕಾರಿನಲ್ಲಿ ಸಣ್ಣ ವ್ಯತ್ಯಾಸ ಆದರೂ ಸುಮ್ನೆ ಬಿಡೋಕೆ ಆಗಲ್ಲ.

ಊರೊಳಗೆ ಓಡಿಸುವಾಗ ಏನೂ ಗೊತ್ತಾಗಿರಲಿಲ್ಲ. ಒಂದು ಭಾನುವಾರ ನಂಜನಗೂಡು ದಾಟಿ ಗುಂಡ್ಲುಪೇಟೆ ಕಡೆ ಹೊರಟಿದ್ದೆವು. ವೇಗ 80 ಮುಟ್ಟುತ್ತಿದ್ದಂತೆ ಕೈಗೆ ಏನೋ ಸರಿಯಿಲ್ಲ ಅನ್ನಿಸಿತು. ಬೆರಳು ಒತ್ತಿದರೆ ಸಾಕು, ಕಾರು ಪಕ್ಕಕ್ಕೆ ಸರಿಯುತ್ತಿತ್ತು. ಸರಿ ಮಾಡೋಕೆ ಹೋದರೆ ಆ ಕಡೆಗೆ ಜಾಸ್ತಿ ಹೋಗುತ್ತಿತ್ತು. ಮೊದಲೆಲ್ಲ ವೇಗ ಏರಿದ ಹಾಗೆ ಸ್ಟೇರಿಂಗ್ ಕೈಯಲ್ಲಿ ನಿಧಾನಕ್ಕೆ ಗಟ್ಟಿಯಾಗುತ್ತಿತ್ತು. ಈಗ ಮನೆ ಮುಂದೆ ಪಾರ್ಕ್ ಮಾಡುವಾಗ ಎಷ್ಟು ಸಲೀಸೋ ಹೆದ್ದಾರಿಯಲ್ಲೂ ಅಷ್ಟೇ ಸಲೀಸು.

ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಅವರು ಧಾರವಾಡದವರು. “ಸ್ಟೇರಿಂಗ್ ಯಾಕೋ ತುಂಬಾ ಹಗುರ ಆಗಿದೆ ಅತ್ತೆ” ಅಂದೆ. “ಹಂಗಾರ ಹಗೂರ ಹೊಡಿಯಪ್ಪಾ, ಅವಸರ ಏನೈತಿ” ಅಂದರು. ಅವರ ಕಡೆ ‘ಹಗೂರ’ ಅಂದರೆ ನಿಧಾನ, ಮೆಲ್ಲಗೆ. ಒಂದೇ ಪದ, ಎರಡು ಅರ್ಥ. ಆದರೆ ಅವರು ಹೇಳಿದ್ದೇ ಸರಿಯಾಯಿತು. ಅಲ್ಲಿಂದ 50ರ ವೇಗದಲ್ಲೇ ಓಡಿಸಿಕೊಂಡು ಮನೆಗೆ ಬಂದೆ.

ಮಾರನೇ ದಿನ ಗ್ಯಾರೇಜಿಗೆ ಹೋಗಿ ಅಲ್ಲೂ “ಸ್ಟೇರಿಂಗ್ ಹಗುರ ಆಗಿದೆ” ಅಂತಲೇ ಹೇಳಿದೆ. ಮೆಕ್ಯಾನಿಕ್ ಒಳ್ಳೇ ಹುಡುಗ, ಕೆಲಸ ಬಲ್ಲವನು. “ಒಳ್ಳೇದೇ ಅಲ್ವಾ ಸಾರ್? ಪವರ್ ಸ್ಟೇರಿಂಗ್ ಅಂದ್ಮೇಲೆ ಹಗುರಾನೇ ಇರ್ಬೇಕು” ಅಂದ. ಅವನ ಮಾತಲ್ಲೂ ತಪ್ಪಿಲ್ಲ. ಕನ್ನಡದಲ್ಲಿ ‘ಹಗುರ’ ಬಹುಪಾಲು ಒಳ್ಳೇ ಪದ. ಜ್ವರ ಬಿಟ್ಟರೆ ಮೈ ಹಗುರ. ಅತ್ತುಬಿಟ್ಟರೆ ಮನಸ್ಸು ಹಗುರ. ಸಾಲ ತೀರಿದರೆ ತಲೆ ಹಗುರ. ಮಾತಿನ ವಿಷಯಕ್ಕೆ ಬಂದಾಗ ಮಾತ್ರ ಅದು ಕೆಟ್ಟ ಪದ ಆಗುತ್ತದೆ: “ಹಿರಿಯರ ಬಗ್ಗೆ ಹಗುರವಾಗಿ ಮಾತಾಡಬೇಡ.” ನಾನು ಗ್ಯಾರೇಜಿನಲ್ಲಿ ‘ಹಗುರ’ ಅಂದಾಗ ಅವನಿಗೆ ಕೇಳಿಸಿದ್ದು ಹೊಗಳಿಕೆ.

ಆಗ ನಾನು ಮಾತು ಬದಲಾಯಿಸಿದೆ. “ಹಂಗಲ್ಲಪ್ಪ, ಒಂಥರಾ ಸಡಿಲ ಆಗಿದೆ” ಅಂದೆ. ಎಡವಿದ್ದು ಇಲ್ಲೇ.

‘ಸಡಿಲ’ ಅನ್ನೋದು ಸಂಸ್ಕೃತದ ‘ಶಿಥಿಲ’ದ ತದ್ಭವ. ಅದರೊಳಗೆ ಕೀಲು ಬಿಟ್ಟಿದೆ, ಗಂಟು ಬಿಚ್ಚಿದೆ ಅನ್ನುವ ಅರ್ಥ ಇದ್ದೇ ಇದೆ. ಗುದ್ದಲಿಯ ಕಾವು ಸಡಿಲ, ಸೊಂಟದ ದಾರ ಸಡಿಲ. ಸಡಿಲ ಅಂದರೆ ಬಿಗಿ ಮಾಡಬೇಕು, ಬೇರೆ ಮದ್ದಿಲ್ಲ. ಆ ಹುಡುಗ ಮಾಡಿದ್ದೂ ಅದನ್ನೇ. ಸ್ಟೇರಿಂಗ್ ಬಾಕ್ಸಿನ ಮೇಲೆ, ಅಂದರೆ ನಾವು ತಿರುಗಿಸಿದ್ದನ್ನು ಚಕ್ರಗಳಿಗೆ ದಾಟಿಸುವ ಹಲ್ಲುಗಳಿರುವ ಪೆಟ್ಟಿಗೆಯ ಮೇಲೆ, ಒಂದು ಅಡ್ಜಸ್ಟಿಂಗ್ ಸ್ಕ್ರೂ ಇರುತ್ತದೆ. ಅದನ್ನು ಅರ್ಧ ಸುತ್ತು ಬಿಗಿ ಮಾಡಿ ಕೊಟ್ಟ. ಕಾರು ತಂದು ಓಡಿಸಿದರೆ ಹಗುರ ಹಾಗೇ ಇತ್ತು, ಮೇಲಿಂದ ಇನ್ನೊಂದು ತೊಂದರೆ ಸೇರಿತ್ತು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನಡುವಿಗೆ ವಾಪಸ್ ಬರುತ್ತಿರಲಿಲ್ಲ. ನಾನೇ ತಂದು ನಿಲ್ಲಿಸಬೇಕಿತ್ತು. ಆ ಸ್ಕ್ರೂ ಅತಿಯಾಗಿ ಬಿಗಿ ಮಾಡಿದರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಒತ್ತಿಕೊಂಡು ಹೀಗಾಗುತ್ತದೆ. ಬಾಕ್ಸೂ ಬೇಗ ಸವೆಯುತ್ತದೆ. ಅವನನ್ನು ಬೈಯೋಕೆ ನನಗೆ ಮನಸ್ಸಾಗಲಿಲ್ಲ. ನಾನು ಕೊಟ್ಟ ಪದಕ್ಕೆ ಸರಿಯಾದ ರಿಪೇರಿಯನ್ನೇ ಅವನು ಮಾಡಿದ್ದ.

ಗ್ಯಾರೇಜಿನವರಲ್ಲಿ ಸಡಿಲಕ್ಕೆ ಇನ್ನೂ ಖಚಿತವಾದ ಮಾತಿದೆ: “ಪ್ಲೇ ಬಂದಿದೆ.” ನಮ್ಮಲ್ಲೂ ಅದಕ್ಕೆ ಸರಿಸಮನಾದ ಮಾತು ಮೊದಲಿಂದ ಇದೆ. ಹಲ್ಲು ಆಡುತ್ತೆ, ಬಾಗಿಲ ತಿರುಗಣಿ ಆಡುತ್ತೆ, ಗಾಡಿ ಚಕ್ರ ಅಚ್ಚಿನಲ್ಲಿ ಆಡುತ್ತೆ. ಅಲ್ಲಿ ‘ಪ್ಲೇ’, ಇಲ್ಲಿ ‘ಆಟ’. ಎಂಜಿನ್ ಚಾಲೂ ಇಟ್ಟು, ಚಕ್ರ ನೇರ ಮಾಡಿ, ಸ್ಟೇರಿಂಗನ್ನು ಎರಡು ಬೆರಳಲ್ಲಿ ಆ ಕಡೆ ಈ ಕಡೆ ಅಲ್ಲಾಡಿಸಿ. ಇನ್ನೊಬ್ಬರು ಹೊರಗೆ ನಿಂತು ಮುಂದಿನ ಟೈರು ನೋಡಲಿ. ಸ್ಟೇರಿಂಗ್ ಎರಡು ಬೆರಳಗಲ ತಿರುಗಿದರೂ ಟೈರು ಕದಲದಿದ್ದರೆ ಅದು ಆಟ. ಚಕ್ರವನ್ನು ತಿರುಗಿಸುವ ಸರಳಿನ (ಟೈ ರಾಡ್) ತುದಿಯಲ್ಲೋ, ಕೀಲುಗಳಲ್ಲೋ, ಬಾಕ್ಸಿನಲ್ಲೋ ಸವೆತ ಇದೆ ಅಂತ ಅರ್ಥ. ನನ್ನ ಕಾರಿನಲ್ಲಿ ಸ್ಟೇರಿಂಗ್ ಕೂದಲೆಳೆ ಕದಲಿದರೂ ಟೈರು ಕದಲುತ್ತಿತ್ತು. ಕದಲಿಸೋಕೆ ಬಲವೇ ಬೇಕಿರಲಿಲ್ಲ ಅನ್ನೋದೇ ತೊಂದರೆ. ಇದು ಆಟ ಅಲ್ಲ, ಸಡಿಲವೂ ಅಲ್ಲ.

ಹಾಗಾದರೆ ಇದೇನು? ಇಲ್ಲಿ ಒಳಗಿನ ಯಂತ್ರದ ವಿಚಾರ ಸ್ವಲ್ಪ ಹೇಳಬೇಕು. ಪವರ್ ಸ್ಟೇರಿಂಗ್ ಒಳಗೆ ತೆಳ್ಳಗಿನ ಒಂದು ಉಕ್ಕಿನ ಕಡ್ಡಿ ಇರುತ್ತದೆ, ಟಾರ್ಷನ್ ಬಾರ್ ಅಂತ. ನಾವು ತಿರುಗಿಸಿದಾಗ ಆ ಕಡ್ಡಿ ಒಂಚೂರು ತಿರುಚಿಕೊಳ್ಳುತ್ತದೆ. ಅದು ತಿರುಚಿದಷ್ಟು ವಾಲ್ವ್ ತೆರೆಯುತ್ತದೆ. ಪಂಪಿನಿಂದ ಬಂದ ಎಣ್ಣೆ ಆ ಕಡೆ ನುಗ್ಗಿ ಚಕ್ರ ತಿರುಗಿಸೋಕೆ ಕೈಜೋಡಿಸುತ್ತದೆ. ಕಡ್ಡಿ ಬೇಗ ತಿರುಚಿಕೊಂಡರೆ ಸಹಾಯ ಬೇಗ ಬರುತ್ತದೆ, ಸ್ಟೇರಿಂಗ್ ಹಗುರ.

1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಮೊದಲ ಬಾರಿ ಪವರ್ ಸ್ಟೇರಿಂಗ್ ಇಟ್ಟುಕೊಂಡು ಮಾರುಕಟ್ಟೆಗೆ ಬಂದಾಗ ಆ ಹಗುರವೇ ದೊಡ್ಡ ಆಕರ್ಷಣೆ. 1968ರ ಜಾಗ್ವಾರ್ ಎಕ್ಸ್‌ಜೆ6 ಬರುವ ಹೊತ್ತಿಗೆ ಗಾಳಿ ತಿರುಗಿತ್ತು. ಆ ಕಾರನ್ನು ಬಾಯ್ತುಂಬ ಹೊಗಳಿದವರೂ ಸ್ಟೇರಿಂಗ್ ಮಾತ್ರ ಅತಿ ಹಗುರ ಅಂತ ಆಕ್ಷೇಪ ಎತ್ತಿದ್ದರು. 1970ರಲ್ಲಿ ಬಂದ ಸಿಟ್ರೊಯೆನ್ ಎಸ್‌ಎಂ ಕಾರಿನಲ್ಲಿ ವೇಗ ಏರಿದ ಹಾಗೆ ಸ್ಟೇರಿಂಗ್ ಗಟ್ಟಿಯಾಗುವ ಏರ್ಪಾಡು ಇತ್ತು. ಆಮೇಲೆ ಜರ್ಮನಿಯ ಝೆಡ್‌ಎಫ್ ಕಂಪನಿ ‘ಸರ್ವೋಟ್ರಾನಿಕ್’ ಅಂತ ಇದೇ ಕೆಲಸವನ್ನು ವಿದ್ಯುತ್ತಿನ ವಾಲ್ವ್ ಇಟ್ಟು ಮಾಡಿತು. ನಮ್ಮ ಕಾರಿನಲ್ಲಿರುವುದೂ ಆ ಬಗೆಯದೇ.

ಅದರ ಕೆಲಸ ಹೀಗೆ. ಕಾರು ನಿಂತಿರುವಾಗ ಆ ಪುಟ್ಟ ವಿದ್ಯುತ್ ವಾಲ್ವಿಗೆ (ಕಡ್ಡಿ ತಿರುಚಿದಾಗ ತೆರೆಯುವ ವಾಲ್ವ್ ಬೇರೆ) ಕರೆಂಟು ಪೂರ್ತಿ ಹೋಗುತ್ತದೆ, ವಾಲ್ವ್ ಮುಚ್ಚಿರುತ್ತದೆ, ಸ್ಟೇರಿಂಗ್ ಹಗುರ. ವೇಗ ಏರಿದ ಹಾಗೆ ಕರೆಂಟು ಕಡಿಮೆಯಾಗಿ ವಾಲ್ವ್ ತೆರೆಯುತ್ತದೆ. ಆಗ ಎಣ್ಣೆಯ ಒತ್ತಡ ನಮ್ಮ ಕೈಗೆ ಎದುರಾಗಿ ನಿಲ್ಲುತ್ತದೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ. ದಾರಿಯಲ್ಲಿ ವೈರ್ ಕಿತ್ತು ಕರೆಂಟು ನಿಂತುಹೋದರೂ ಸ್ಟೇರಿಂಗ್ ಗಟ್ಟಿಯಾಗುತ್ತದೆಯೇ ಹೊರತು ಹಗುರ ಆಗಲ್ಲ. ಎಷ್ಟು ಮುಂದಾಲೋಚನೆ ನೋಡಿ! ಎಲ್ಲ ಕಾರಿಗೂ ಇದೇ ಲೆಕ್ಕ ಅಲ್ಲ. ಕೆಲವು ಅಮೆರಿಕನ್ ಕಾರುಗಳಲ್ಲಿ ಇದು ಉಲ್ಟಾ.

ಇದು ಗೊತ್ತಾದ ಮೇಲೆ ಪರೀಕ್ಷೆ ಸುಲಭ. ಟೈರಿನ ಗಾಳಿ ಮೊದಲು ನೋಡಿದೆ, ಯಾಕಂದರೆ ಗಾಳಿ ಜಾಸ್ತಿ ಇದ್ದರೂ ಸ್ಟೇರಿಂಗ್ ಹಗುರಾಗುತ್ತದೆ. ಅದು ಸರಿಯಿತ್ತು. ಎಂಜಿನ್ ಆರಿಸಿ ಆ ವಾಲ್ವಿನ ಕನೆಕ್ಟರ್ ತೆಗೆದೆ. ಆಮೇಲೆ ಖಾಲಿ ಮೈದಾನದಲ್ಲಿ ಓಡಿಸಿದೆ. ಸ್ಟೇರಿಂಗ್ ಗಟ್ಟಿಯಾದರೆ ವಾಲ್ವ್ ಚೆನ್ನಾಗಿದೆ, ವೇಗದ ಸಿಗ್ನಲ್ ಕಡೆ ಹುಡುಕಬೇಕು ಅಂತ. ಗಟ್ಟಿಯಾಗಲಿಲ್ಲ. ಅಂದರೆ ವಾಲ್ವೇ ಮುಚ್ಚಿಕೊಂಡು ಅಂಟಿಕೊಂಡಿದೆ.

ಆ ವಾಲ್ವ್ ಬಿಚ್ಚಿಸೋಕೆ ಬೇರೊಬ್ಬರ ಹತ್ತಿರ ಹೋದೆ. ಅವರಿಗೆ ವಯಸ್ಸಾಗಿದೆ, ಹಿಂದೆ ಲಾರಿಗಳ ಕೆಲಸ ಮಾಡುತ್ತಿದ್ದವರು. ಈ ಸಲ ನಾನು ಯಾವ ಪದವನ್ನೂ ಹೇಳಲಿಲ್ಲ. “ನೀವೇ ಒಂದು ರೌಂಡ್ ನೋಡಿ” ಅಂತ ಕೀ ಕೊಟ್ಟೆ. ರಿಂಗ್ ರಸ್ತೆಗೆ ಹೋಗಿ ಬಂದರು. ಇಳಿದು, ಕೈ ಒರೆಸಿಕೊಂಡು ಒಂದೇ ಮಾತು ಹೇಳಿದರು: “ಸ್ಟೇರಿಂಗಿಗೆ ತೂಕ ಇಲ್ಲ.”

ನನಗೆ ಬೇಕಾಗಿದ್ದ ಮಾತು ಅದೇ ಅನ್ನಿಸಿತು. ಆಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ನೋಡಿ, ‘ಭಾರ’ ಮತ್ತು ‘ತೂಕ’ ಎರಡೂ ಒಂದೇ ಅಂತ ನಾವು ಅಂದುಕೊಳ್ಳುತ್ತೇವೆ. ಬಳಕೆಯಲ್ಲಿ ಹಾಗಿಲ್ಲ. ಭಾರ ಹೊರಬೇಕಾದದ್ದು. ತೂಕ ಇರಬೇಕಾದದ್ದು. “ಅವರ ಮಾತಿಗೆ ತೂಕ ಇದೆ” ಅಂದರೆ ಮರ್ಯಾದೆ. “ಸ್ಟೇರಿಂಗ್ ಭಾರ” ಅಂದರೆ ದೂರು, “ಸ್ಟೇರಿಂಗಿಗೆ ತೂಕ ಇಲ್ಲ” ಅಂದರೂ ದೂರು. ಆದರೆ ಎರಡೂ ಬೇರೆ ಬೇರೆ ದಿಕ್ಕಿನವು, ಕೇಳಿದವರಿಗೆ ಗೊಂದಲ ಆಗಲ್ಲ. ‘ಸಲೀಸು’ ಉರ್ದುವಿನಿಂದ ಬಂದದ್ದು, ಅದರಲ್ಲಿ ತಪ್ಪು ಹುಡುಕುವ ಗುಣವೇ ಇಲ್ಲ. ‘ಫ್ರೀ ಆಗಿದೆ’ ಅಂದರೆ ಗ್ಯಾರೇಜಿನಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ.

ಭಾರದ ಕಡೆಗೆ ನಮ್ಮಲ್ಲಿ ಪದಗಳಿಗೆ ಬರ ಇಲ್ಲ: ಭಾರ, ಬಿಗಿ, ಗಟ್ಟಿ, ಟೈಟ್, ಹಾರ್ಡ್. ಅಂಬಾಸಿಡರ್, ಪದ್ಮಿನಿ, ಹಳೇ ಲಾರಿ, ಬಸ್ಸು ಓಡಿಸಿದವರ ತೋಳಿನ ನೋವಿನಿಂದ ಬಂದ ಮಾತುಗಳು ಅವು. ಅತಿ ಹಗುರ ಅನ್ನೋ ಕಷ್ಟ ಆ ಡ್ರೈವರ್‌ಗಳಿಗೆ ಬಂದಿರಲಿಲ್ಲ. ಕಷ್ಟ ಬರದೆ ಪದ ಎಲ್ಲಿಂದ ಬರಬೇಕು?

ಹಾಗಂತ ಹಗುರಾದದ್ದು ಕೆಟ್ಟ ಸೂಚನೆ ಅನ್ನೋ ಅನುಭವ ನಮಗೆ ಹೊಸದಲ್ಲ. ಚಿಕ್ಕವನಿದ್ದಾಗ ಅಜ್ಜಿ ಮನೆಯ ಬಾವಿಯಲ್ಲಿ ನೀರು ಸೇದುತ್ತಿದ್ದೆ. ರಾಟೆ ಕಿರ್ರೆನ್ನುತ್ತಾ ತುಂಬಿದ ಕೊಡ ಮೇಲೆ ಬರುವಾಗ ಹಗ್ಗ ಅಂಗೈಯನ್ನು ಕೊಯ್ಯುವ ಹಾಗಿರುತ್ತಿತ್ತು. ಒಂದು ಸಲ ಇದ್ದಕ್ಕಿದ್ದ ಹಾಗೆ ಹಗ್ಗ ಹಗುರಾಯಿತು. ನಾನು ಹಿಂದಕ್ಕೆ ಬಿದ್ದೆ. ಕೆಳಗಿನಿಂದ ಧಡ್ ಅಂತ ಸದ್ದು ಬಂತು. ಅಜ್ಜಿ ಅಡುಗೆಮನೆಯಿಂದಲೇ “ಕೊಡ ಬಿಟ್ಟೆಯೇನೋ? ಪಾತಾಳಗರಡಿ ತಗೊಂಡು ಬಾ” ಅಂತ ಕೂಗಿದರು. ಗುಂಡ್ಲುಪೇಟೆ ರಸ್ತೆಯಲ್ಲಿ ನನ್ನ ಕೈಗೆ ಆದದ್ದು ಅದೇ ಅನುಭವ. ಕೈಯಲ್ಲಿ ಹಗ್ಗ ಇದೆ, ಆ ಕಡೆ ಕೊಡ ಇಲ್ಲ.

ಈಗ ನನ್ನ ಪ್ರಶ್ನೆಗಳು. ‘ತೂಕ ಇಲ್ಲ’ ಅನ್ನೋದನ್ನು ಯಂತ್ರದ ವಿಷಯಕ್ಕೆ ನಿಮ್ಮ ಕಡೆಯೂ ಹೇಳುತ್ತಾರಾ, ಅಥವಾ ಆ ಹಿರಿಯರು ಮಾತಿನಿಂದ ಎತ್ತಿ ಸ್ಟೇರಿಂಗಿಗೆ ಹಾಕಿದರಾ? ಹೊಲ ಉಳುವವರು ನೇಗಿಲು ಮಣ್ಣಿಗೆ ಇಳಿಯದೆ ಮೇಲೆ ಮೇಲೆ ಓಡಿದಾಗ ‘ತೇಲುತ್ತೆ’ ಅನ್ನುವುದನ್ನು ಕೇಳಿದ್ದೇನೆ. ಆಗ ಮೇಳಿ ಹಿಡಿದ ಕೈಗೆ ಆಗುವ ಅನುಭವಕ್ಕೆ ಬೇರೆ ಪದ ಇದೆಯಾ? ಮಲ್ಪೆ, ಹೊನ್ನಾವರ ಕಡೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ: ದೋಣಿಯ ಚುಕ್ಕಾಣಿ ನೀರಿಗೆ ಸರಿಯಾಗಿ ಕಚ್ಚದೆ ಕೈಗೆ ಹಗುರಾದಾಗ ಏನನ್ನುತ್ತಾರೆ? ಪತ್ರಿಕೆಯವರು ಪಕ್ಷದ ಚುಕ್ಕಾಣಿ, ಸರ್ಕಾರದ ಚುಕ್ಕಾಣಿ ಅಂತ ದಿನಾ ಬರೆಯುತ್ತಾರೆ. ನನಗೆ ಬೇಕಿರೋದು ನಿಜವಾದ ಚುಕ್ಕಾಣಿ ಹಿಡಿದವರ ಮಾತು. ಧಾರವಾಡ, ಗದಗ ಕಡೆ ‘ಹಗೂರ’ ನಿಧಾನಕ್ಕೆ ಮೀಸಲಾದರೆ, ತೂಕ ಕಡಿಮೆ ಅನ್ನೋದಕ್ಕೂ ಅದೇ ಪದವಾ? ಅತ್ತೆ “ಎರಡಕ್ಕೂ ಅದ” ಅನ್ನುತ್ತಾರೆ. ಅಲ್ಲಿನ ಡ್ರೈವರ್‌ಗಳು ಏನನ್ನುತ್ತಾರೋ ಕೇಳಬೇಕು.

ಕಾರಿನ ವಿಷಯ ಕೇಳುವವರಿಗೆ: ವಾಲ್ವ್ ಬಿಚ್ಚಿದಾಗ ಒಳಗಿನ ಸಣ್ಣ ಜಾಲರಿಯಲ್ಲಿ ಕಪ್ಪು ಕೆಸರು ಕಟ್ಟಿತ್ತು. ಎಣ್ಣೆ ಬದಲಾಯಿಸಿ ಎಷ್ಟು ವರ್ಷ ಆಗಿತ್ತೋ. ಅದನ್ನು ತೊಳೆದು, ಹೊಸ ಓ ರಿಂಗ್ ಹಾಕಿ, ಹಳೇ ಎಣ್ಣೆ ಪೂರ್ತಿ ತೆಗೆದು ಹೊಸದು ತುಂಬಿದರು. ಬಾಕ್ಸಿನ ಸ್ಕ್ರೂವನ್ನು ಮೊದಲಿದ್ದ ಗುರುತಿಗೆ ವಾಪಸ್ ತಂದರು. ಹೋದ ಭಾನುವಾರ ಅದೇ ಗುಂಡ್ಲುಪೇಟೆ ರಸ್ತೆಗೆ ಹೋಗಿದ್ದೆ. 60 ದಾಟುತ್ತಿದ್ದಂತೆ ಸ್ಟೇರಿಂಗ್ ಕೈಯೊಳಗೆ ನಿಧಾನಕ್ಕೆ ತುಂಬಿಕೊಂಡಿತು. ನಿಮ್ಮ ಊರಿನ ಪದಗಳಿಗೆ ಕಾಯುತ್ತಿರುತ್ತೇನೆ.