ಅಪ್‌ಡೇಟ್: ಅಕ್ವೇರಿಯಂಗೆ ಕಲ್ಲು ಸಿಕ್ಕಿತು, ಅದೂ ಬಿಟ್ಟಿಯಾಗಿ

ಅಕ್ವೇರಿಯಂಗೆ ಹಾಕೋಕೆ ಕಡಿಮೆ ಖರ್ಚಿನ, ಮೀನಿಗೆ ತೊಂದರೆಯಾಗದ ಕಲ್ಲು ಕೊಪ್ಪಳದಲ್ಲಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ದೆ ಅಲ್ವಾ, ಕೆಲಸ ಆಯ್ತು. ಗ್ರಾನೈಟ್ ಕತ್ತರಿಸುವ ಕಡೆ ಬಿಸಾಕಿದ ಚೂರು ಕೇಳಿ ನೋಡಿ ಅಂದವರಿಗೆ ಥ್ಯಾಂಕ್ಸ್, ಚೀಲ ತುಂಬಾ ಸುಮ್ನೆ ಕೊಟ್ಟರು. ಅಂಚು ಮಾತ್ರ ಭಾರಿ ಚೂಪು, ತಿಕ್ಕಿ ತಿಕ್ಕಿ ಮೊಂಡು ಮಾಡಿದೆ, ಇಲ್ಲಾಂದ್ರೆ ಗೋಲ್ಡ್‌ಫಿಶ್ ಮೈ ತರಚುತ್ತೆ. ತುಂಗಭದ್ರಾ ಹೊಳೆಯ ನುಣುಪು ಕಲ್ಲಿನ ಸಲಹೆ ಆಗಲಿಲ್ಲ, ಹೊಳೆ ತುಂಬಿತ್ತು. ಅಂಗಡಿಯ ಬಣ್ಣದ ಕಲ್ಲು ಬಕೆಟ್ ನೀರಲ್ಲೇ ಬಣ್ಣ ಬಿಟ್ಟಿತು.

ಆಶ್ಚರ್ಯ ಅಂದ್ರೆ ಮನೆಯಲ್ಲಿ ಉಳಿದಿದ್ದ ಶಹಾಬಾದ್ ಕಲ್ಲಿನ ಚೂರು. ಅದಕ್ಕೆ ವಿನೆಗರ್ ಹಾಕಿದರೆ ಸಣ್ಣಗೆ ಗುಳ್ಳೆ ಎದ್ದವು. ಅದು ಸುಣ್ಣದ ಕಲ್ಲು, ನೀರಿನ ಗಡಸುತನ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಎರಡನ್ನೂ ಏರಿಸುತ್ತೆ. ಗ್ರಾನೈಟ್ ಮೇಲೆ ಏನೂ ಏಳಲಿಲ್ಲ. ತೊಳೆಯೋಕೆ ಸೋಪು ಬೇಡ, ಬ್ರಷ್ಷು, ಬಿಸಿನೀರು ಸಾಕು.