ವಾಷಿಂಗ್ಟನ್ ವೋಟಿನ ಜಗಳದಲ್ಲಿ ಭಾವ ಗ್ರೂಪ್ ಬಿಟ್ಟರು

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ಗ್ರೂಪಿನಲ್ಲಿ ನಡೆದದ್ದು. ಗುಡ್ ಮಾರ್ನಿಂಗ್ ಹೂಗಳನ್ನು ತೆಗೆದು ಉಳಿದದ್ದನ್ನು ಹಾಗೇ ಹಾಕಿದ್ದೇನೆ.

ಮಂಜು ಚಿಕ್ಕಪ್ಪ: ಶಾಕಿಂಗ್!! ಅಮೆರಿಕದ ರಾಜಧಾನಿ ವಾಷಿಂಗ್ಟನ್ ಜನರಿಗೆ ಇವತ್ತಿಗೂ ವೋಟಿಲ್ಲ! ಇವರು ನಮಗೆ ಪ್ರಜಾಪ್ರಭುತ್ವದ ಪಾಠ ಹೇಳುತ್ತಾರೆ! ಹತ್ತು ಜನಕ್ಕೆ ಕಳಿಸಿ.

ಸಂಧ್ಯಾ (ಮೇರಿಲ್ಯಾಂಡ್): ಸೋರ್ಸ್ ಏನು ಚಿಕ್ಕಪ್ಪ?

ಮಂಜು ಚಿಕ್ಕಪ್ಪ: ಎಲ್ಲ ಗ್ರೂಪಲ್ಲೂ ಬಂದಿದೆಯಮ್ಮ.

ಸಂಧ್ಯಾ: ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ವೋಟಿದೆ. 1801ರಲ್ಲಿ ಆ ಊರು ಪೂರ್ತಿ ಕಾಂಗ್ರೆಸ್ ಕೈಗೆ ಹೋಯಿತು. ಯಾವ ರಾಜ್ಯಕ್ಕೂ ಸೇರದ ಮೇಲೆ ವೋಟೂ ಹೋಯಿತು. 1961ರ ಮಾರ್ಚ್ 29ಕ್ಕೆ ಅಧ್ಯಕ್ಷರ ಚುನಾವಣೆಯ ವೋಟು ಕೊಡುವ ಸಂವಿಧಾನದ 23ನೇ ತಿದ್ದುಪಡಿಗೆ ಬೇಕಾದಷ್ಟು ರಾಜ್ಯಗಳು ಒಪ್ಪಿದವು. 1964ರಲ್ಲಿ ಮೊದಲ ಸಲ ವೋಟು ಹಾಕಿದರು.

ಪದ್ದು ಅತ್ತೆ: ಕಾಂಗ್ರೆಸ್ಸು ಬಿಜೆಪಿ ಇಲ್ಲಿ ಬೇಡ ಅಂತ ಯುಗಾದಿ ದಿನವೇ ತೀರ್ಮಾನ ಆಗಿದೆ.

ಸಂಧ್ಯಾ: ಅತ್ತೆ, ಅದು ಅವರ ಪಾರ್ಲಿಮೆಂಟು.

ದೊಡ್ಡಪ್ಪ: ಹಕ್ಕು ಇಲ್ಲದವರಿಗೇ ಅದರ ಬೆಲೆ ಗೊತ್ತು. ನಮ್ಮಲ್ಲಿ ಕೆಲವರು ವೋಟಿನ ದಿನ ಕೊಡಗಿಗೆ ಹೋಗುತ್ತಾರೆ. ಹೆಸರು ಹೇಳುವುದಿಲ್ಲ.

ರಘು: ಹೆಸರು ಬೇರೆ ಹೇಳಬೇಕಾ ದೊಡ್ಡಪ್ಪ? ನಾನು ರೂಮು ಬುಕ್ ಮಾಡಿದ ಮೇಲೆ ಡೇಟು ಬಂದಿದ್ದು.

ಸುಬ್ಬಣ್ಣ: ವೋಟು ಅಂದರೆ ಅಜ್ಜ ನೆನಪಾಗುತ್ತಾರೆ. ಇಸ್ತ್ರಿ ಪಂಚೆ ಉಟ್ಟು ಬೂತಿಗೆ ಹೋಗಿ ಬಂದು ನಮಗೆಲ್ಲ ಬೆರಳು ತೋರಿಸುತ್ತಿದ್ದರು. ಸೀಗೆಪುಡಿ ಹಾಕಿ ಉಜ್ಜಿದರೂ ಶಾಯಿ ಹೋಗುತ್ತಿರಲಿಲ್ಲ. ಮೈಸೂರಿನದ್ದು ಅಲ್ವಾ!

ಪದ್ದು ಅತ್ತೆ: ಆ ಪಂಚೆಗೆ ಇಸ್ತ್ರಿ ಹಾಕಿದವಳು ನಾನು. ಅದು ಯಾರಿಗೂ ನೆನಪಿಲ್ಲ.

ಸಂಧ್ಯಾ: ಚಿಕ್ಕಪ್ಪ ಹೇಳಿದ್ದರಲ್ಲಿ ಅರ್ಧ ನಿಜ. ಅಧ್ಯಕ್ಷರನ್ನು ಆರಿಸುವಾಗ ಆ ಊರಿಗೆ ಮೂರು ಎಲೆಕ್ಟೋರಲ್ ವೋಟು (ಅಧ್ಯಕ್ಷರು ಯಾರು ಅಂತ ತೀರ್ಮಾನಿಸುವುದು ಈ ವೋಟುಗಳೇ), ಜನ ಅತಿ ಕಡಿಮೆ ಇರುವ ರಾಜ್ಯಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಮೇಲ್ಮನೆ ಸೆನೆಟ್‌ನಲ್ಲಿ ಯಾರೂ ಇಲ್ಲ. ಕೆಳಮನೆಗೆ 1971ರಿಂದ ಒಬ್ಬ ಪ್ರತಿನಿಧಿ ಇದ್ದಾರೆ. ಮಾತಾಡಬಹುದು, ಸಮಿತಿಯಲ್ಲಿ ಕೂರಬಹುದು. ಮಸೂದೆ ಪಾಸು ಮಾಡುವಾಗ ವೋಟಿಲ್ಲ. ತೆರಿಗೆ ಮಾತ್ರ ಎಲ್ಲರ ಹಾಗೆ. ಆಫೀಸಿನ ಹತ್ತಿರ ನಿಲ್ಲುವ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ಬರೆದಿರುತ್ತದೆ, ಪ್ರತಿನಿಧಿ ಇಲ್ಲದ ತೆರಿಗೆ ನಿಲ್ಲಿಸಿ ಎಂದು. ಆಗ ಅಲ್ಲಿ ಕಪ್ಪು ಜನ ಹೆಚ್ಚಿದ್ದರು ಅನ್ನುವುದೂ ವೋಟು ಸಿಗುವುದು ತಡವಾಗಲು ಒಂದು ಕಾರಣ. ಅಂತರ್ಯುದ್ಧದಲ್ಲಿ ಬೇರೆಯಾಗಿದ್ದ 11 ದಕ್ಷಿಣದ ರಾಜ್ಯಗಳಲ್ಲಿ ಆಗ ತಿದ್ದುಪಡಿಗೆ ಒಪ್ಪಿದ್ದು ಟೆನೆಸ್ಸಿ ಒಂದೇ.

(ಇಷ್ಟುದ್ದ ಬರೆದದ್ದಕ್ಕೆ ಒಂದು ಹೆಬ್ಬೆರಳು ಬಂತು. ನನ್ನದೇ.)

ಮಂಜು ಚಿಕ್ಕಪ್ಪ: ಮಾತಾಡಬಹುದು, ವೋಟಿಲ್ಲ! ನಮ್ಮ ಮನೆ ಅಳಿಯಂದಿರ ಹಾಗೆ 😂😂

ಗಿರಿ ಭಾವ ಟೈಪ್ ಮಾಡುತ್ತಿದ್ದಾರೆ ಎಂದು ತುಂಬಾ ಹೊತ್ತು ಕಾಣಿಸಿತು.

ಗಿರಿ ಭಾವ: ಸರಿಯಾಗಿ ಹೇಳಿದಿರಿ ಮಂಜು ಮಾವ. ತೋಟ ಮಾರುವಾಗ ನನ್ನನ್ನು ಯಾರೂ ಕೇಳಲಿಲ್ಲ. ನಿಮ್ಮ ಸಾಲಕ್ಕೆ ಜಾಮೀನು ಹಾಕಲು ಮಾತ್ರ ಅಳಿಯ ಬೇಕಾಯಿತು.

ವೀಣಕ್ಕ: ರೀ, ಇಲ್ಲೆಲ್ಲ ಬೇಡ.

ಮಂಜು ಚಿಕ್ಕಪ್ಪ: ತಮಾಷೆಗೆ ಅಂದೆನಪ್ಪ. ಆ ಸಾಲ ತೀರಿ ಎಷ್ಟು ಕಾಲವಾಯಿತು!

ದೊಡ್ಡಪ್ಪ: ತೋಟದ ವಿಷಯದಲ್ಲಿ ಎಲ್ಲರನ್ನೂ ಕೇಳಿಯೇ ಮುಂದುವರಿದೆ.

ವೀಣಕ್ಕ: ಅಪ್ಪ, ನನ್ನನ್ನೂ ಕೇಳಲಿಲ್ಲ.

ಗಿರಿ ಭಾವ ಗ್ರೂಪ್ ತೊರೆದರು.

ಸುಬ್ಬಣ್ಣ: ಆ ತೋಟದ ಹಲಸು ಏನು ರುಚಿ ಅಂತೀರಿ.

ರಘು: ಸುಬ್ಬಣ್ಣ, ಸುಮ್ನೆ ಇರಪ್ಪ.

ಮಂಜು ಚಿಕ್ಕಪ್ಪ ನನಗೆ ಬೇರೆಯಾಗಿ ಬರೆದರು: ಅಡ್ಮಿನ್ ನೀನೇ ಅಲ್ವಾ? ಅವರನ್ನು ವಾಪಸ್ ಸೇರಿಸು. ನಾನು ಹೇಳಿದೆ ಅನ್ನಬೇಡ.

ಸಂಜೆ ಸೇರಿಸಿದೆ.

ಗಿರಿ ಭಾವ: ಸಂಧ್ಯಾ, ಹಾಗಾದರೆ ಆ ಊರಿನವರು ನಮ್ಮನ್ನೇ ಒಂದು ರಾಜ್ಯ ಮಾಡಿ ಅಂತ ಕೇಳಬಹುದಲ್ಲ?

ಸಂಧ್ಯಾ: ಕೇಳಿದ್ದಾರೆ ಭಾವ! 2016ರಲ್ಲಿ ಜನ ವೋಟು ಹಾಕಿ ಬೇಕು ಅಂದರು. ಕೆಳಮನೆ 2020ರಲ್ಲಿ, ಮತ್ತೆ 2021ರಲ್ಲಿ ಮಸೂದೆ ಪಾಸು ಮಾಡಿತು. ಸೆನೆಟ್‌ನಲ್ಲಿ ನಿಂತುಹೋಯಿತು.

ಪದ್ದು ಅತ್ತೆ: ಮತ್ತೆ ರಾಜಕೀಯ ಶುರು ಮಾಡಿದಿರಾ?