ಹೆಂಡತಿಯ ಐ-130ರಲ್ಲೇ ಅವಳ ಮಕ್ಕಳೂ ಬರುತ್ತಾರಾ? ಸಿಟಿಜನ್‌ಶಿಪ್ ಓತ್ ಹತ್ತಿರ ಬಂದಿದೆ

ಡಲ್ಲಾಸ್_ಹಾಸನ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಾನು ಡಲ್ಲಾಸ್ ಹತ್ತಿರ ಇದ್ದೇನೆ. ಗ್ರೀನ್ ಕಾರ್ಡ್ ಬಂದು ಐದು ವರ್ಷ ದಾಟಿದೆ. ಹೋದ ವರ್ಷ ಹಾಸನದಲ್ಲಿ ಮದುವೆಯಾದೆ, ಇಬ್ಬರಿಗೂ ಎರಡನೇ ಮದುವೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯೂ ಆಗಿದೆ. ಹೆಂಡತಿಗೆ ಮೊದಲ ಮದುವೆಯಿಂದ ಇಬ್ಬರು ಮಕ್ಕಳು. ಮಗಳಿಗೆ 17, ಸೆಕೆಂಡ್ ಪಿಯುಸಿ. ಮಗನಿಗೆ 11.

ಮದುವೆ ಮುಗಿಸಿ ವಾಪಸ್ ಬಂದವನೇ ಹೆಂಡತಿಗೆ ಐ-130 (ಮನೆಯವರನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಅರ್ಜಿ) ಹಾಕಿದೆ. ಗ್ರೀನ್ ಕಾರ್ಡ್ ಇದ್ದವರ ಹೆಂಡತಿ, ಅಂದರೆ ಎಫ್2ಎ ಅನ್ನುವ ವೀಸಾ ವರ್ಗ. ಅದೇ ಫಾರಂನಲ್ಲಿ ಮಕ್ಕಳಿಬ್ಬರ ಹೆಸರನ್ನೂ ಬರೆದಿದ್ದೇನೆ. ಈಗ ನನ್ನ ಎನ್-400 (ಸಿಟಿಜನ್‌ಶಿಪ್ ಅರ್ಜಿ) ಇಂಟರ್‌ವ್ಯೂ ಪಾಸಾಗಿದೆ, ಓತ್‌ಗೆ ಪತ್ರ ಬರುವುದೊಂದೇ ಬಾಕಿ. ಆಫೀಸಿನ ಒಬ್ಬರು ಸಿಟಿಜನ್ ಆದರೆ ಕೇಸ್ ಬೇಗ ಆಗುತ್ತೆ ಅಂದರು. ಇನ್ನೊಬ್ಬರು ಓತ್ ತಗೊಂಡ್ರೆ ಮಕ್ಕಳ ಹೆಸರು ಕೇಸಿನಿಂದ ಬಿದ್ದು ಹೋಗುತ್ತೆ ಅಂದರು. ಯಾವುದು ನಿಜ? ಒಬ್ಬ ಕನ್ಸಲ್ಟೆಂಟ್‌ನ ಕೇಳಿದೆ, ಮೊದಲು ಫೀಸ್ ಕಟ್ಟಿ ಆಮೇಲೆ ಹೇಳ್ತೀನಿ ಅಂತಾನೆ.

ಊರಿನ ಕಡೆಯದೂ ಮೂರು ತಲೆನೋವು ಇದೆ. ಒಂದು, ಹೆಂಡತಿಯ ಡಿವೋರ್ಸ್ ಡಿಕ್ರಿಯಲ್ಲಿ ಮಕ್ಕಳು ತಾಯಿಯ ಹತ್ತಿರ, ತಂದೆ ತಿಂಗಳಿಗೊಮ್ಮೆ ನೋಡಬಹುದು ಅಂತ ಇದೆ. ಅವರು ಬಂದು ನೋಡಿದ್ದೂ ಇಲ್ಲ, ಈಗ ಫೋನ್ ಮಾಡಿದರೆ ಎತ್ತುವುದೂ ಇಲ್ಲ. ಎರಡು, ಮಗನ ಜನನ ಪ್ರಮಾಣ ಪತ್ರದಲ್ಲಿ ಹೆಸರಿನ ಜಾಗ ಖಾಲಿ, ಲಿಂಗ ಗಂಡು, ತಂದೆ ತಾಯಿ ಹೆಸರು, ಅಷ್ಟೇ. ಮೂರು, ನಮ್ಮತ್ತೆ ಒಂದೇ ಸಮನೆ ಹೇಳುತ್ತಿದ್ದಾರೆ, ಯಾರೋ ಪರಿಚಯದವರಿದ್ದಾರೆ, ತಂದೆ ಹೆಸರಿನ ಜಾಗದಲ್ಲಿ ನನ್ನ ಹೆಸರೇ ಹಾಕಿಸಿಬಿಡೋಣ, ಎಲ್ಲಾ ಸಲೀಸು ಅಂತ. ಏನು ಮಾಡಲಿ?

ನ್ಯೂಜೆರ್ಸಿ_ಅಕ್ಕ:

ಮೂರನೆಯದಕ್ಕೆ ಮೊದಲು ಉತ್ತರ: ಬೇಡವೇ ಬೇಡ. ಅತ್ತೆಗೆ ಕೈ ಮುಗಿದು ಬೇಡ ಅನ್ನಿ. ನೀವು ಸ್ಟೆಪ್ ಫಾದರ್ ಅಂತಲೇ ಕೇಸ್ ನಿಂತಿರುವುದು. ಹನ್ನೊಂದು ವರ್ಷದ ಹುಡುಗನಿಗೆ ಹೋದ ವರ್ಷ ಮದುವೆಯಾದ ನೀವು ಜನ್ಮ ಕೊಟ್ಟ ತಂದೆ ಅಂತ ಪತ್ರ ತೋರಿಸಿದರೆ ಅದು ಸುಳ್ಳು ದಾಖಲೆ. ಹಾಗೆ ಸಿಕ್ಕಿಬಿದ್ದರೆ ವೀಸಾ ಶಾಶ್ವತವಾಗಿ ಮುಚ್ಚಿಹೋಗಬಹುದು. ಅಪ್ಪ ಯಾರೋ ಅವರ ಹೆಸರೇ ಇರಲಿ, ಅದರಿಂದ ನಿಮಗೇನೂ ನಷ್ಟ ಇಲ್ಲ.

ಈಗ ಮುಖ್ಯ ವಿಷಯ. ನಿಮ್ಮ ಇಬ್ಬರು ಸ್ನೇಹಿತರು ಹೇಳಿದ್ದೂ ನಿಜ. ಗ್ರೀನ್ ಕಾರ್ಡ್‌ನವರು ಹೆಂಡತಿಗೆ ಹಾಕಿದಾಗ ಅವಳ 21ರ ಒಳಗಿನ, ಮದುವೆಯಾಗದ ಮಕ್ಕಳು ಅವಳ ಬೆನ್ನಿಗೇ ಬರುತ್ತಾರೆ, ಬೇರೆ ಫಾರಂ ಬೇಕಿಲ್ಲ. ಸಿಟಿಜನ್ ಆದ ದಿನ ನಿಮ್ಮ ಹೆಂಡತಿ ಇಮ್ಮೀಡಿಯಟ್ ರಿಲೇಟಿವ್ ಆಗುತ್ತಾಳೆ, ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್‌ನ ಕ್ಯೂ ಅವಳಿಗೆ ಇಲ್ಲ. ಆದರೆ ಆ ವರ್ಗದಲ್ಲಿ ಬೆನ್ನಿಗೆ ಬರುವವರು ಅಂತ ಯಾರೂ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ಐ-130 ಬೇಕು. ನೀವು ಫಾರಂನಲ್ಲಿ ಮಕ್ಕಳ ಹೆಸರು ಬರೆದಿದ್ದೀರಿ ಅಲ್ವಾ, ಅದು ಬರೀ ಮಾಹಿತಿ ಆಗಿ ಉಳಿಯುತ್ತದೆ. ತುಂಬಾ ಜನರಿಗೆ ಇದು ಗೊತ್ತಾಗುವುದು ನ್ಯಾಷನಲ್ ವೀಸಾ ಸೆಂಟರ್, ಅಂದರೆ ಎನ್‌ವಿಸಿಯಿಂದ ಹೆಂಡತಿಯೊಬ್ಬಳಿಗೇ ಕೇಸ್ ನಂಬರ್ ಬಂದಾಗ. ಅಷ್ಟರಲ್ಲಿ ವರ್ಷ ಕಳೆದಿರುತ್ತದೆ, ತಾಯಿಗೆ ವೀಸಾ ರೆಡಿ, ಮಕ್ಕಳದು ಇನ್ನೂ ಶುರುವೇ ಆಗಿರುವುದಿಲ್ಲ.

ಬೆಲ್ಲದಚ್ಚು:

ಹಾಗಾದ್ರೆ ಓತ್ ಮುಂದಕ್ಕೆ ಹಾಕಿಸಿಕೊಂಡ್ರೆ ಆಗಲ್ವಾ? ಒಂದೇ ಕೇಸಲ್ಲಿ ಮೂರೂ ಜನ ಬರ್ತಾರೆ, ಎರಡು ಫೀಸ್ ಉಳಿಯುತ್ತೆ. ನಮ್ಮ ಕಸಿನ್ ಹಂಗೇ ಕರೆಸಿಕೊಂಡ.

ನ್ಯೂಜೆರ್ಸಿ_ಅಕ್ಕ:

ಆಗುತ್ತೆ, ಆದರೆ ನಾನಾದರೆ ಮಾಡಲ್ಲ. ಎಫ್2ಎಗೆ ವರ್ಷಕ್ಕೆ ಇಷ್ಟೇ ವೀಸಾ ಅಂತ ಮಿತಿ ಇದೆ. ಬುಲೆಟಿನ್‌ನಲ್ಲಿ ಒಮ್ಮೆ ಮುಂದೆ ಹೋಗುತ್ತೆ, ಒಮ್ಮೆ ನಿಂತೇ ಬಿಡುತ್ತೆ. ನಿಮ್ಮ ಕಸಿನ್ ಕರೆಸಿದಾಗ ಬಹುಶಃ ಕರೆಂಟ್ ಇತ್ತು, ಅಂದರೆ ಕ್ಯೂ ಇರಲಿಲ್ಲ. ಎರಡು ಫೀಸ್ ಉಳಿಸಲು ಹೋಗಿ ಮೂರು ಜನರನ್ನು ಕ್ಯೂನಲ್ಲಿ ನಿಲ್ಲಿಸುವುದು ಯಾವ ಲೆಕ್ಕ? 2024ರ ಏಪ್ರಿಲ್‌ನಿಂದ ಐ-130ಗೆ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ ಕಳಿಸಿದರೆ 675. ಆನ್‌ಲೈನ್‌ನಲ್ಲೇ ಹಾಕಿ.

ಡಲ್ಲಾಸ್ ಅವರೇ, ಓತ್‌ಗೆ ಕಾಯಬೇಡಿ. ಇದೇ ವಾರ ಮಕ್ಕಳಿಬ್ಬರಿಗೂ ಬೇರೆ ಬೇರೆ ಐ-130 ಹಾಕಿಬಿಡಿ. ಗ್ರೀನ್ ಕಾರ್ಡ್‌ನವರಾಗಿಯೂ ಸ್ಟೆಪ್ ಚೈಲ್ಡ್‌ಗೆ ಹಾಕಬಹುದು. ಓತ್ ಆದ ಮೇಲೆ ಸರ್ಟಿಫಿಕೇಟ್ ಕಾಪಿ ಕಳಿಸಿದರೆ ಮೂರೂ ಕೇಸ್ ಇಮ್ಮೀಡಿಯಟ್ ರಿಲೇಟಿವ್‌ಗೆ ಬದಲಾಗುತ್ತವೆ. ಮಗಳ ವಯಸ್ಸು ನೀವು ಸಿಟಿಜನ್ ಆದ ದಿನಕ್ಕೆ ನಿಲ್ಲುತ್ತದೆ, ಆಮೇಲೆ ಎಷ್ಟು ತಡವಾದರೂ 21 ದಾಟಿದಳು ಅನ್ನುವ ಭಯ ಇಲ್ಲ. ಪ್ರತಿ ಮಗುವಿನ ಅರ್ಜಿಗೂ ಮಗುವಿನ ಜನನ ಪತ್ರ (ತಾಯಿ ಹೆಸರು ಇರಬೇಕು), ನಿಮ್ಮ ಮದುವೆ ಪತ್ರ, ಇಬ್ಬರ ಹಳೇ ಡಿವೋರ್ಸ್ ಡಿಕ್ರಿ, ನಿಮ್ಮ ಗ್ರೀನ್ ಕಾರ್ಡ್ ಕಾಪಿ ಸೇರಿಸಿ. ನಿಮ್ಮ ಡಿಕ್ರಿಯೂ ಬೇಕು, ಅವಳದು ಮಾತ್ರ ಅಲ್ಲ.

ಇನ್ನೊಂದು, ನಿಮ್ಮ ಅದೃಷ್ಟ ಚೆನ್ನಾಗಿದೆ. ಸ್ಟೆಪ್ ಚೈಲ್ಡ್ ಅನ್ನಿಸಿಕೊಳ್ಳಬೇಕಾದರೆ ಮಗುವಿಗೆ 18 ತುಂಬುವ ಮೊದಲು ನಿಮ್ಮ ಮದುವೆ ಆಗಿರಬೇಕು. ಮಗಳಿಗೆ ಆಗ 16 ಇತ್ತಲ್ಲ, ಸರಿ ಹೋಯಿತು. 18 ದಾಟಿದ ಮೇಲೆ ಮದುವೆಯಾದವರ ಗತಿ ಬೇರೆ, ತಾಯಿ ಮೊದಲು ಬಂದು ಗ್ರೀನ್ ಕಾರ್ಡ್ ಹಿಡಿದು ಆಮೇಲೆ ತಾನೇ ಮಗಳಿಗೆ ಹಾಕಬೇಕು. ಹಾಂ, ವೀಸಾ ಬಂದು ಇಲ್ಲಿ ಇಳಿಯುವ ತನಕ ಮಗಳಿಗೆ ಮದುವೆ ಮಾಡುವ ಹಾಗಿಲ್ಲ. ನಿಮ್ಮತ್ತೆ ಗಂಡು ಹುಡುಕಲು ಹೊರಡುವ ಜಾತಿ ಅನ್ನಿಸಿತು, ಅದಕ್ಕೇ ಹೇಳಿದೆ 😄

ಕೋರ್ಟ್_ಹಾಲ್:

ನಾನು ಬೆಂಗಳೂರಿನಲ್ಲಿ ಫ್ಯಾಮಿಲಿ ಕೋರ್ಟ್ ವಕೀಲ. ಅಮೆರಿಕದ ಫಾರಂ ವಿಚಾರ ಅಕ್ಕ ಹೇಳಿದ್ದಾರೆ, ಊರಿನದು ನಾನು ಹೇಳುತ್ತೇನೆ.

ತಂದೆಗೆ ಭೇಟಿಯ ಹಕ್ಕು ಡಿಕ್ರಿಯಲ್ಲಿ ಬರೆದಿದೆ. ಅವರು ಬಂದು ನೋಡಲಿಲ್ಲ ಅಂದ ಮಾತ್ರಕ್ಕೆ ಆ ಹಕ್ಕು ಹೋಗಲ್ಲ. ಹೇಳದೆ ಕೇಳದೆ ಮಗನನ್ನು ಖಾಯಂ ಆಗಿ ಅಮೆರಿಕಕ್ಕೆ ಕರೆದುಕೊಂಡು ಹೋದರೆ ನಾಳೆ ಅವರು ಎದ್ದು ಬಂದು ಕೋರ್ಟ್ ಆದೇಶ ಮುರಿದಿದ್ದಾರೆ ಅಂತ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್ ಆಫೀಸಿನಲ್ಲೂ ಈ ಸಾಲು ಕಣ್ಣಿಗೆ ಬಿದ್ದರೆ ಪ್ರಶ್ನೆ ಬರುತ್ತದೆ, ಕಾನ್ಸುಲೇಟ್‌ನಲ್ಲೂ ಕೇಳಬಹುದು. ದಾರಿ ಎರಡು. ಅವರು ಒಪ್ಪಿದರೆ ಮಕ್ಕಳ ಹೆಸರು, ಯಾವ ದೇಶ, ಖಾಯಂ ಆಗಿ ಹೋಗಲು ಒಪ್ಪಿಗೆ ಅಂತ ಸ್ಪಷ್ಟವಾಗಿ ಬರೆಸಿ ನೋಟರಿ ಅಫಿಡವಿಟ್. ಜೊತೆಗೆ ಅವರ ಆಧಾರ್ ಕಾಪಿ. ಒಪ್ಪದಿದ್ದರೆ, ಫೋನ್ ಎತ್ತದಿದ್ದರೆ, ಡಿಕ್ರಿ ಕೊಟ್ಟ ಕೋರ್ಟಿನಲ್ಲೇ ಭೇಟಿಯ ಷರತ್ತು ಬದಲಿಸಿ ಹೊರದೇಶಕ್ಕೆ ಕರೆದೊಯ್ಯಲು ಅನುಮತಿ ಕೇಳಿ ಅರ್ಜಿ ಹಾಕಬೇಕು. ವಾರಕ್ಕೊಮ್ಮೆ ವಿಡಿಯೋ ಕಾಲ್, ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ಭೇಟಿ ಅಂತ ನೀವೇ ಅರ್ಜಿಯಲ್ಲಿ ಬರೆದುಕೊಡಿ. ಆಗ ಕೋರ್ಟಿಗೂ ಒಪ್ಪಲು ಸುಲಭ. ಅವರಿಗೆ ನೋಟಿಸ್ ಹೋಗುತ್ತೆ, ಬರದೇ ಇದ್ದರೆ ಎಕ್ಸ್ ಪಾರ್ಟೆ ಆಗುತ್ತೆ, ಅಂದರೆ ಅವರಿಲ್ಲದೆಯೇ ಕೋರ್ಟ್ ತೀರ್ಮಾನಿಸುತ್ತೆ. ಸಮಯ ಹಿಡಿಯುವ ಕೆಲಸ ಇದೇ. ಐ-130 ಅಮೆರಿಕದಲ್ಲಿ ಕೂತಿರುವಾಗ ಇದನ್ನು ಮುಗಿಸಿಕೊಳ್ಳಿ.

ಮಗಳಿಗೆ 18 ತುಂಬಿದರೆ ಅವಳ ಮಟ್ಟಿಗೆ ಈ ಪ್ರಶ್ನೆಯೇ ಇಲ್ಲ.

ಜನನ ಪತ್ರದಲ್ಲಿ ಹೆಸರು ಸೇರಿಸುವುದು ಕಷ್ಟ ಅಲ್ಲ, ಹುಟ್ಟಿ 15 ವರ್ಷದೊಳಗೆ ಹೆಸರು ಸೇರಿಸಲು ಅವಕಾಶ ಇದೆ. ಎಲ್ಲಿ ನೋಂದಣಿ ಆಗಿದೆಯೋ ಆ ನಗರಸಭೆಯಲ್ಲೇ ಕೊಡಬೇಕು. ಶಾಲೆಯ ದಾಖಲೆ ಜೊತೆಗಿರಲಿ. ಹೆಸರು ಸೇರಿಸುವಾಗ ಪಾಸ್‌ಪೋರ್ಟ್‌ನಲ್ಲಿ ಹೇಗೆ ಬೇಕೋ ಹಾಗೇ ಬರೆಸಿ, ಇನಿಷಿಯಲ್ ಬಿಡಿಸಿ ಬರೆಸಿ.

ಪಾಸ್‌ಪೋರ್ಟ್‌ನಲ್ಲಿ ತಂದೆ ಹೆಸರು ಇರಲೇಬೇಕು ಅಂತ ಇಲ್ಲ. 2016ರ ಡಿಸೆಂಬರ್‌ನಿಂದ ತಂದೆ ತಾಯಿಯಲ್ಲಿ ಒಬ್ಬರ ಹೆಸರು ಕೊಟ್ಟರೆ ಸಾಕು. ಒಬ್ಬ ಪೋಷಕರ ಒಪ್ಪಿಗೆ ಇಲ್ಲದಿದ್ದಾಗ ಅನೆಕ್ಷರ್ ಸಿ ಅನ್ನುವ ಘೋಷಣಾ ಪತ್ರ, ಜೊತೆಗೆ ಡಿಕ್ರಿಯ ಸರ್ಟಿಫೈಡ್ ಕಾಪಿ. ಜೆರಾಕ್ಸ್ ಅಲ್ಲ, ಕೋರ್ಟ್ ಸೀಲ್ ಇರುವುದು.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಹಳ್ಳಿ ಕಡೆ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆದುಕೊಂಡ ಬಿಡುಗಡೆ ಪತ್ರ ಇಟ್ಟುಕೊಂಡು ಡಿವೋರ್ಸ್ ಆಗಿದೆ ಅನ್ನುವವರು ಬಹಳ. ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ರೂಢಿಯ ವಿಚ್ಛೇದನವನ್ನು ಉಳಿಸಿದೆ ನಿಜ, ಆದರೆ ಆ ರೂಢಿ ನಿಮ್ಮ ಸಮುದಾಯದಲ್ಲಿ ಇದೆ ಅಂತ ಸಾಬೀತು ಮಾಡಬೇಕು. ವೀಸಾಕ್ಕೆ ಆ ಕಾಗದ ಹಿಡಿದುಕೊಂಡು ಹೋದರೆ ಮೊದಲ ಮದುವೆ ಮುರಿದೇ ಇಲ್ಲ, ಎರಡನೆಯದು ಊರ್ಜಿತ ಅಲ್ಲ ಅನ್ನಿಸಿಕೊಳ್ಳಬೇಕಾದೀತು. ಅಂಥವರು ಸಿವಿಲ್ ಕೋರ್ಟಿನಿಂದ ಡಿಕ್ಲರೇಷನ್ ತೆಗೆದುಕೊಂಡು ಮುಂದೆ ಹೋಗಿ.

ಡಲ್ಲಾಸ್_ಹಾಸನ:

ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಕ್ಕಳ ಐ-130 ಎರಡಕ್ಕೂ ಆನ್‌ಲೈನ್ ಅಕೌಂಟ್‌ನಲ್ಲಿ ಡ್ರಾಫ್ಟ್ ಶುರು ಮಾಡಿದೆ. ಅತ್ತೆಗೆ ಹೆಂಡತಿಯೇ ಹೇಳಿದ್ದಾಳೆ, ಎರಡು ದಿನ ಮುಖ ಊದಿಸಿಕೊಂಡಿದ್ದರಂತೆ.

ಇನ್ನು ಸ್ವಲ್ಪ ಕೇಳಬೇಕು. ಡಿಕ್ರಿ ಕನ್ನಡದಲ್ಲಿದೆ, ಅನುವಾದ ಎಲ್ಲಿ ಮಾಡಿಸಬೇಕು, ನೋಟರಿ ಬೇಕಾ? ಮಗಳ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಕಾಲಂ ಖಾಲಿ ಇದೆ, ಪೂರ್ತಿ ಹೆಸರು ಗಿವನ್ ನೇಮ್‌ನಲ್ಲಿ. ತೊಂದರೆನಾ? ನನ್ನೊಬ್ಬನ ಸಂಬಳ ನಾಲ್ಕು ಜನಕ್ಕೆ ಸಾಕಾಗುತ್ತಾ ಅಂತ ಹೇಗೆ ನೋಡುತ್ತಾರೆ? ಮಗಳ ಪರೀಕ್ಷೆ ನಡುವೆ ಇಂಟರ್‌ವ್ಯೂ ಬಿದ್ದರೆ?

ನ್ಯೂಜೆರ್ಸಿ_ಅಕ್ಕ:

ಅನುವಾದ: ಎರಡೂ ಭಾಷೆ ಚೆನ್ನಾಗಿ ಬಲ್ಲ ಯಾರಾದರೂ ಮಾಡಬಹುದು. ಕೊನೆಯಲ್ಲಿ ನನಗೆ ಎರಡೂ ಭಾಷೆ ಬರುತ್ತದೆ, ಇದು ಪೂರ್ತಿ ಮತ್ತು ಸರಿಯಾದ ಅನುವಾದ ಅಂತ ಬರೆದು ಸಹಿ, ಹೆಸರು, ವಿಳಾಸ, ತಾರೀಕು. ಅಮೆರಿಕದ ವಲಸೆ ಇಲಾಖೆ ಯುಎಸ್‌ಸಿಐಎಸ್‌ಗೆ ನೋಟರಿ ಕಡ್ಡಾಯ ಅಲ್ಲ. ನೀವೇ ಮಾಡಬೇಡಿ, ಕೇಸಿನ ಪಾರ್ಟಿ ನೀವು. ಸೀಲಿನ ಮೇಲಿನ ಅಕ್ಷರ, ಹಿಂಬದಿಯ ಷರಾ ಕೂಡ ಅನುವಾದದಲ್ಲಿ ಇರಲಿ, ಅರ್ಧಂಬರ್ಧ ಕಳಿಸಿದರೆ ವಾಪಸ್ ಬರುತ್ತೆ.

ಸರ್‌ನೇಮ್: ಖಾಲಿ ಬಿಟ್ಟರೆ ಅಮೆರಿಕದವರು ಪೂರ್ತಿ ಹೆಸರನ್ನು ಸರ್‌ನೇಮ್ ಮಾಡಿ ಮೊದಲ ಹೆಸರಿಗೆ ಫಸ್ಟ್ ನೇಮ್ ಅನ್‌ನೋನ್, ಅಂದರೆ ಎಫ್‌ಎನ್‌ಯು ಅಂತ ಹಾಕುತ್ತಾರೆ. ವೀಸಾ ಸಿಗುತ್ತೆ, ಆದರೆ ಇಲ್ಲಿ ಸ್ಕೂಲು, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕು ಎಲ್ಲಾ ಕಡೆ ಹುಡುಗಿ ಎಫ್‌ಎನ್‌ಯು ಆಗಿಬಿಡುತ್ತಾಳೆ. ಈಗಲೇ ರೀಇಶ್ಯೂಗೆ ಹಾಕಿ ಹೆಸರು ಒಡೆದು ಬರೆಸಿ. 15 ದಾಟಿದೆ, ಹತ್ತು ವರ್ಷದ್ದೇ ಕೇಳಬಹುದು.

ಸಂಬಳ: ಐ-864, ಅಂದರೆ ಬರುವವರ ಖರ್ಚಿಗೆ ನಾನು ಜವಾಬ್ದಾರಿ ಅಂತ ಬರೆದುಕೊಡುವ ಫಾರಂ. ನೀವು, ಹೆಂಡತಿ, ಇಬ್ಬರು ಮಕ್ಕಳು, ಒಟ್ಟು ನಾಲ್ಕು. ಬಡತನ ರೇಖೆಯ 125 ಪರ್ಸೆಂಟ್ ಬೇಕು, 2025ರ ಲೆಕ್ಕದಲ್ಲಿ ನಾಲ್ಕು ಜನಕ್ಕೆ ವರ್ಷಕ್ಕೆ 40,187 ಡಾಲರ್ ಇತ್ತು. ಪ್ರತಿ ವರ್ಷ ಬದಲಾಗುತ್ತೆ, ಹಾಕುವಾಗ ಹೊಸದು ನೋಡಿ. ಕಡಿಮೆ ಬಿದ್ದರೆ ಇಲ್ಲೇ ಇರುವ ಸಿಟಿಜನ್ ಅಥವಾ ಗ್ರೀನ್ ಕಾರ್ಡ್‌ನ ಇನ್ನೊಬ್ಬರು ಜಾಯಿಂಟ್ ಸ್ಪಾನ್ಸರ್ ಆಗಬಹುದು. ಮೂರು ಕೇಸ್ ಆದ್ದರಿಂದ ಮೂರು ಐ-864, ಒಳಗಿನ ಟ್ಯಾಕ್ಸ್ ಕಾಗದ ಒಂದೇ.

ಬೆಲ್ಲದಚ್ಚು:

ಇಂಟರ್‌ವ್ಯೂ ಬಗ್ಗೆ ನಾನು ಹೇಳ್ತೀನಿ, ಇದು ನನಗೆ ಗೊತ್ತು, ತಂಗಿ ಮಕ್ಕಳ ಜೊತೆ ಹೋಗಿದ್ದೆ. ಬೆಂಗಳೂರಲ್ಲಿ ಅಲ್ಲ, ಮುಂಬೈ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಕಾನ್ಸುಲೇಟ್. ಅದಕ್ಕೂ ಮುಂಚೆ ಎನ್‌ವಿಸಿ ಫೀಸ್ ತಲಾ 325 ಡಾಲರ್, ಡಿಎಸ್-260 (ಆನ್‌ಲೈನ್ ವೀಸಾ ಅರ್ಜಿ) ಒಬ್ಬೊಬ್ಬರಿಗೂ ಬೇರೆ. ಮೂರು ಕೇಸ್ ನಂಬರ್ ಬಂದ ಮೇಲೆ ಎನ್‌ವಿಸಿಗೆ ಬರೆದು ಒಟ್ಟಿಗೆ ಇಡಿ ಅಂತ ಕೇಳಿ, ಇಲ್ಲದಿದ್ದರೆ ಅಮ್ಮನಿಗೆ ಒಂದು ತಿಂಗಳು, ಮಕ್ಕಳಿಗೆ ಇನ್ನೊಂದು ತಿಂಗಳು ಬಂದು ಎರಡೆರಡು ಸಲ ಮುಂಬೈಗೆ ಓಡಾಡಬೇಕಾಗುತ್ತೆ.

16 ಆದವರಿಗೆಲ್ಲ ಪೊಲೀಸ್ ಕ್ಲಿಯರೆನ್ಸ್ (ಪಿಸಿಸಿ) ಬೇಕು, ಮಗಳಿಗೂ ಬೇಕು, ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಸಿಗುತ್ತೆ. ಮೊದಲು ಹೆಸರು ಸರಿ ಮಾಡಿಸಿ, ಆಮೇಲೆ ಪಿಸಿಸಿಗೆ ಹಾಕಿ, ಹಳೇ ಪಾಸ್‌ಪೋರ್ಟ್ ನಂಬರಿನಲ್ಲಿ ತಗೊಂಡ್ರೆ ಮತ್ತೆ ಮಾಡಿಸಬೇಕು. ಮೆಡಿಕಲ್ ಕಾನ್ಸುಲೇಟ್‌ನವರ ಪಟ್ಟಿಯಲ್ಲಿರೋ ಡಾಕ್ಟರ ಹತ್ರನೇ. ತಾಯಿ ಕಾರ್ಡ್ ಇದ್ರೆ ತಗೊಂಡು ಹೋಗಿ, ಲಸಿಕೆ ಎಲ್ಲಾ ಅದರಲ್ಲಿ ಬರೆದಿರುತ್ತೆ, ಇಲ್ಲಾಂದ್ರೆ ಹಾಕಿಸಿರೋ ಇಂಜೆಕ್ಷನ್ನೇ ಮತ್ತೆ ಚುಚ್ಚುತ್ತಾರೆ. ಹುಡುಗನಿಗೆ ಟಿಬಿಗೆ ರಕ್ತ ತೆಗೀತಾರೆ, 15 ದಾಟಿದವರಿಗೆ ಎದೆ ಎಕ್ಸ್-ರೇ.

ಮಗಳ ಪರೀಕ್ಷೆ ಬಗ್ಗೆ ಈಗಲೇ ತಲೆ ಕೆಡಿಸ್ಕೋಬೇಡಿ. ಸೆಕೆಂಡ್ ಪಿಯು ಮುಗಿದು ಡಿಗ್ರಿಗೂ ಸೇರಿರ್ತಾಳೆ ಅಷ್ಟರಲ್ಲಿ. ಸುಮ್ನೆ ಕಾಲೇಜಿಗೆ ಸೇರಿಸಿ, ವೀಸಾ ಬರುತ್ತೆ ಅಂತ ಮನೇಲಿ ಕೂರಿಸಬೇಡಿ.

ನ್ಯೂಜೆರ್ಸಿ_ಅಕ್ಕ:

ಬೆಲ್ಲದಚ್ಚು ಹೇಳಿದ್ದು ಸರಿ. ಇನ್ನೊಂದು ಮರೆತಿದ್ದೆ. ನಿಮ್ಮ ಮದುವೆಗೆ ಎರಡು ವರ್ಷ ತುಂಬುವ ಮೊದಲೇ ಅವರು ಇಲ್ಲಿ ಇಳಿದರೆ ಮೂವರಿಗೂ ಎರಡು ವರ್ಷದ ಷರತ್ತಿನ ಕಾರ್ಡ್, ಆಮೇಲೆ ಆ ಷರತ್ತು ತೆಗೆಸಲು ಐ-751 ಫಾರಂ. ತುಂಬಿದ ಮೇಲೆ ಇಳಿದರೆ ನೇರ ಹತ್ತು ವರ್ಷದ್ದು. ವೀಸಾ ಕೈಗೆ ಬಂದಾಗ ಎರಡು ವರ್ಷಕ್ಕೆ ಕೆಲವೇ ದಿನ ಬಾಕಿ ಇದ್ದರೆ, ವೀಸಾ ಅವಧಿ ನೋಡಿಕೊಂಡು, ಟಿಕೆಟ್ ಸ್ವಲ್ಪ ಮುಂದಕ್ಕೆ ಬುಕ್ ಮಾಡಿ.

ಮತ್ತೆ ನೀವು ಸಿಟಿಜನ್ ಅಂತ ಮಕ್ಕಳು ತಾನಾಗಿ ಸಿಟಿಜನ್ ಆಗಲ್ಲ, ಸ್ಟೆಪ್ ಫಾದರ್ ಮೂಲಕ ಅದು ಬರಲ್ಲ, ದತ್ತು ತಗೊಂಡರೆ ಬೇರೆ ಮಾತು. ನಿಮ್ಮ ಹೆಂಡತಿ ಮುಂದೆ ಸಿಟಿಜನ್ ಆದಾಗ ಮಗನಿಗೆ 18 ಆಗಿರದಿದ್ದರೆ, ಅವನು ಗ್ರೀನ್ ಕಾರ್ಡ್‌ನಲ್ಲಿ ಅವಳ ಜೊತೆಗೇ ಇದ್ದರೆ, ಅವಳ ಮೂಲಕ ಅವನಿಗೂ ಆಗುತ್ತೆ. ಮಗಳು ತನ್ನದನ್ನು ತಾನೇ ಹಾಕಿಕೊಳ್ಳಬೇಕು.

ಡಲ್ಲಾಸ್_ಹಾಸನ:

ಎರಡೂ ಸಬ್‌ಮಿಟ್ ಆಯ್ತು, ರಸೀದಿ ನಂಬರ್ ಬಂತು. ಕೋರ್ಟ್ ಹಾಲ್ ಸರ್, ಹಾಸನದಲ್ಲಿ ಒಬ್ಬ ವಕೀಲರ ಹತ್ತಿರ ಹೆಂಡತಿ ಸೋಮವಾರ ಹೋಗುತ್ತಿದ್ದಾಳೆ. ಡಿಕ್ರಿಯ ಸರ್ಟಿಫೈಡ್ ಕಾಪಿ ಎಷ್ಟು ತೆಗೆಸಿಟ್ಟುಕೊಳ್ಳಲಿ?

ಕೋರ್ಟ್_ಹಾಲ್:

ನಾಲ್ಕೈದು ತೆಗೆಸಿ. ಪಾಸ್‌ಪೋರ್ಟ್‌ಗೊಂದು, ಹೊಸ ಅರ್ಜಿಗೊಂದು, ಮುಂಬೈಗೊಂದು, ಮಿಕ್ಕಿದ್ದು ಮನೆಯಲ್ಲಿರಲಿ. ಕಾಪಿ ಅರ್ಜಿ ಹಾಕುವಾಗ ಕೇಸ್ ನಂಬರ್ ಜೊತೆ ಡಿಕ್ರಿ ತಾರೀಕೂ ಬರೆಯಿರಿ, ಬೇಗ ಹುಡುಕಿ ಕೊಡುತ್ತಾರೆ.